ಪರದೆಯಾಚೆ ಕೂತವರು

ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನಾನು ಸಿನೆಮಾಕ್ಕೆ ಹೊರಟಾಗ ಓಣಿಯ ಹೆಂಗಸರು ತಡೆದು, ತಲೆ ಬಾಚಿಕೊಂಡು ಹೋಗು ಎಂದರು. ನಾನು ಬಾಚಿಕೊಂಡೇ ಇದ್ದೆ. ಆದರೂ ಒಬ್ಬಾಕೆ ನನ್ನ ಬೈತಲೆ ನೇರ ಮಾಡಿ, ಸೆರಗು ಸರಿಪಡಿಸಿ, "ಅಲ್ಲಿ ನಿನ್ನ ನೋಡವ್ರು ಇರ್ತಾರವ್ವಾ" ಅಂದಳು. ಹೊಸ ಸೊಸೆಯನ್ನು ನೋಡುವ ಆಸೆ ಊರವರಿಗೆ ಇರುತ್ತದಲ್ಲ, ಅದನ್ನೇ ಹೇಳುತ್ತಿದ್ದಾಳೆ ಎಂದು ತಿಳಿದೆ.

ಗಂಡ ವಿರೂಪಾಕ್ಷ ಜೊತೆಗೆ ಬರಲಿಲ್ಲ. ನಮ್ಮ ಮನೆಯವರು ಟಾಕೀಸಿನ ಮೆಟ್ಟಿಲು ಹತ್ತುವುದಿಲ್ಲ, ನಿನಗೆ ಬೇಕಿದ್ದರೆ ಹೋಗಿ ಬಾ ಎಂದಿದ್ದ. ಯಾಕೆ ಎಂದು ಕೇಳುವಷ್ಟು ಸಲಿಗೆ ನಮ್ಮಿಬ್ಬರಲ್ಲಿ ಇನ್ನೂ ಬೆಳೆದಿರಲಿಲ್ಲ.

ಟಾಕೀಸು ಹೊಳೆಯ ದಂಡೆಗೆ ಇದೆ. ಮರದ ಖುರ್ಚಿಗಳು, ಎತ್ತರದ ತಗಡಿನ ಮಾಡು, ಒಳಗೆ ಹೋದರೆ ಹೊಳೆಯ ತಂಪು ಕಾಲಿಗೆ ತಾಗುತ್ತದೆ. ಟಿಕೀಟು ಕೊಡುವವನು ಯಾವ ಖುರ್ಚಿ ಎಂದು ಕೇಳಿದ. ಯಾವುದಾದರೇನು ಎಂದೆ. ಅವನು ನನ್ನ ಮುಖವನ್ನು ಒಮ್ಮೆ ನೋಡಿ, ಯೋಚಿಸಿ, ಮುಂದಿನ ಸಾಲುಗಳಲ್ಲಿ ಒಂದನ್ನು ಕೊಟ್ಟ. ಚಿತ್ರ ಏನೆಂದು ಈಗ ನೆನಪಿಲ್ಲ. ಒಂದು ಹಾಡು ಬಂತು. ನಾಯಕಿ ಬಿಳಿ ಸೀರೆಯುಟ್ಟು ಬಿಳಿ ಮರಳಿನ ಮೇಲೆ ಓಡಿದಳು, ಮೇಲೆ ಬೆಳ್ಳನೆಯ ಆಕಾಶ. ಪರದೆಯೆಲ್ಲ ಹಾಲಿನಂತಾಯಿತು. ಆ ಬಿಳುಪಿನೊಳಗೆ ನೂರಾರು ಜನ ಕೂತಿದ್ದರು.

ಅವರೂ ಖುರ್ಚಿಯ ಮೇಲೆಯೇ ಕೂತಿದ್ದರು, ಸಾಲುಸಾಲಾಗಿ, ನಮಗೆ ಎದುರಾಗಿ. ಕನ್ನಡಿಯಲ್ಲಿ ನೋಡಿದಂತೆ. ನನಗೆ ನೇರ ಎದುರಿಗೆ ಒಬ್ಬ ಮುದುಕ ತೊಡೆಯ ಮೇಲೆ ಕೋಳಿಯೊಂದನ್ನು ಇಟ್ಟುಕೊಂಡು ಅದರ ಬೆನ್ನು ಸವರುತ್ತಿದ್ದ. ಟಾಕೀಸಿನಲ್ಲಿ ಯಾರೂ ಬೆಚ್ಚಲಿಲ್ಲ. ನನ್ನ ಮುಂದಿದ್ದವನು ಕಾಲರು ಸರಿಮಾಡಿಕೊಂಡ. ಹಿಂದಿನ ಸಾಲಿನಲ್ಲಿ ಶೇಂಗಾ ತಿನ್ನುತ್ತಿದ್ದವರು ಕೈ ತಡೆದರು. ಹಾಡು ಮುಗಿದು ನಾಯಕಿ ಕತ್ತಲೆಯ ಮನೆಯೊಳಗೆ ಹೊಕ್ಕದ್ದೇ ಅವರೆಲ್ಲ ಇಲ್ಲವಾದರು.

"ಹೆದರಬ್ಯಾಡ," ಎಂದಳು ಪಕ್ಕದ ಖುರ್ಚಿಯ ಹೆಂಗಸು. ಐವತ್ತು ದಾಟಿದವಳು, ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ. "ಅಂವ ಹಳದಪ್ಪ. ಕೋಳಿ ಬಿಟ್ಟು ಬರೂದಿಲ್ಲ ಅಂತ ಹಟ ಹಿಡದಿದ್ದ. ತರಾಕ ಬಿಟ್ರು."

"ಅವ್ರಿಗೆ ನಾವು ಕಾಣತೀವೇನ?"

"ಯಾರಿಗೊತ್ತು. ಆದ್ರ ಬಾಚ್ಕೊಂಡು ಬರೂದು ಛಲೋ."

ಆಕೆಯ ಹೆಸರು ಕುಸುಬವ್ವ. ಆಮೇಲೆ ಪ್ರತಿ ಶುಕ್ರವಾರದ ಮ್ಯಾಟಿನಿಗೆ ನಾನು ಅದೇ ಖುರ್ಚಿ ಕೇಳಿ ಪಡೆಯತೊಡಗಿದೆ. ಊರಿನಲ್ಲಿ ಎಲ್ಲರಿಗೂ ಹೀಗೊಬ್ಬ ಎದುರಿನವನೋ ಎದುರಿನಾಕೆಯೋ ಇದ್ದರು. ಕೆಲವರು ತಮ್ಮ ಎದುರಿನವರ ಹೆಸರನ್ನು ಮಕ್ಕಳಿಗೆ ಇಟ್ಟಿದ್ದರು. ಹೊಸ ಅಂಗಿ ಹೊಲಿಸಿದರೆ ಮೊದಲು ತೊಟ್ಟುಕೊಂಡು ಟಾಕೀಸಿಗೆ ಬರುವವರಿದ್ದರು. ಹಿಂದೊಮ್ಮೆ ಯಾರೋ ಪರದೆಗೆ ಹೊಸ ಸುಣ್ಣ ಹೊಡೆಸಿದ್ದರಂತೆ, ಅವರು ಇನ್ನಷ್ಟು ಸ್ಪಷ್ಟವಾಗಿ ಕಂಡರಂತೆ. ಊರಿನ ಕೆಲವು ಮನೆಗಳು ಮಾತ್ರ ಎಂದೂ ಟಿಕೀಟು ಕೊಳ್ಳುತ್ತಿರಲಿಲ್ಲ. ನಾನು ಬರುವವರೆಗೆ ನಮ್ಮದೂ ಅವುಗಳಲ್ಲಿ ಒಂದಾಗಿತ್ತು.

ನಡೆದದ್ದನ್ನು ನನಗೆ ಯಾರೂ ಕೂರಿಸಿ ಹೇಳಲಿಲ್ಲ. ನೀರು ತರುವಾಗ, ಅಕ್ಕಿ ಆರಿಸುವಾಗ ಒಂದೊಂದು ತುಣುಕು ಸಿಕ್ಕಿತು. ಹೊಳೆಯಾಚೆಗೆ ಬಣ್ಣದೋಣಿ ಎಂಬುದೊಂದಿತ್ತು. ನೂಲಿಗೆ ಬಣ್ಣ ಹಾಕುವ ಜನ. ಅವರ ನಡೆನುಡಿ ಬೇರೆ, ದೇವರು ಬೇರೆ. ಹೊಳೆ ಒಂದು ದಿನ ಕೆಂಪು, ಒಂದು ದಿನ ನೀಲಿ ಹರಿಯುತ್ತಿತ್ತು. ಆ ಬಣ್ಣದಲ್ಲಿ ವಿಷ ಬೆರೆಸಿದ್ದಾರೆ, ಊರಿನ ಮಕ್ಕಳಿಗೆ ಜ್ವರ ಬಂದಿರುವುದು ಅದರಿಂದಲೇ ಎಂದು ಯಾರೋ ಹೇಳಿದರು. ಎಲ್ಲರೂ ನಂಬಿದರು. ನಿಮ್ಮನ್ನು ಕಾಪಾಡುತ್ತೇವೆ, ಗದ್ದಲ ತಣ್ಣಗಾಗುವವರೆಗೆ ಟಾಕೀಸಿನಲ್ಲಿ ಇರಿ ಎಂದು ಆ ಜನರನ್ನು ಕರೆತಂದು ಕೂರಿಸಿದರು. ವಾರ ಕಳೆಯುವುದರೊಳಗೆ ಲಾರಿಗಳಲ್ಲಿ ತುಂಬಿ ಸುಣ್ಣದ ಗಣಿಯ ಕಡೆಗೆ ಒಯ್ದರು. ಲಾರಿಗಳು ಖಾಲಿ ಬಂದವು. ಅಲ್ಲಿಂದೀಚೆಗೆ ಹೊಳೆ ತಿಳಿಯಾಗಿ ಹರಿಯಿತು, ಊರು ಆ ತಿಳಿನೀರನ್ನು ಕುಡಿದು ಸುಮ್ಮನಾಯಿತು. ಅದಕ್ಕೊಂದು ಹೆಸರನ್ನೂ ಇಡಲಿಲ್ಲ. ಹೇಳಲೇಬೇಕಾದಾಗ 'ಆ ವಾರ' ಎನ್ನುತ್ತಿದ್ದರು.

ನನ್ನ ಮಾವ ರಾಚಪ್ಪ ಆ ವಾರ ಟಾಕೀಸಿನ ಗೇಟ್‌ಕೀಪರ್ ಆಗಿದ್ದರು. ನಾನು ಬರುವ ಹೊತ್ತಿಗೆ ಆ ಕೆಲಸ ಬಿಟ್ಟು ಗಾದಿ ಹೊಲಿಯುವ ಅಂಗಡಿ ಇಟ್ಟು ಬಹಳ ಕಾಲವಾಗಿತ್ತು. ಮನೆಯ ಪಡಸಾಲೆಯಲ್ಲೇ ಅಂಗಡಿ. ಇಡೀ ದಿನ ಹತ್ತಿ ಹಿಂಜುತ್ತ ಕೂತಿರುತ್ತಿದ್ದರು, ಬಿಲ್ಲಿನ ತಂತಿ ಮಿಡಿದಂತೆಲ್ಲ ಹತ್ತಿಯ ಎಳೆಗಳು ಹಾರಿ ಅವರ ಹುಬ್ಬಿನ ಮೇಲೆ, ತೋಳಿನ ಮೇಲೆ ಇಳಿಯುತ್ತಿದ್ದವು. ಮಾತು ಕಡಿಮೆ. ಬೇಕಾದದ್ದನ್ನು ಕೈಯಲ್ಲೇ ತೋರಿಸುತ್ತಿದ್ದರು. ಆ ಮೊದಲ ದಿನ ಟಾಕೀಸಿನಿಂದ ಬಂದು ನೀರು ಕೊಡುವಾಗ, ಕೋಳಿ ಹಿಡಿದ ಮುದುಕನ ಸಂಗತಿ ನನ್ನ ಬಾಯಿಂದ ಬಂದುಬಿಟ್ಟಿತು.

ತಂತಿಯ ಸದ್ದು ನಿಂತಿತು. "ಕೋಳಿ ಕಾಣತೈತೇನ?" ಎಂದು ಕೇಳಿದರು. ನನ್ನೊಂದಿಗೆ ಅವರು ಆಡಿದ ಮೊದಲ ಇಡೀ ಮಾತು ಅದು.

"ಕಾಣತೈತ್ರಿ ಮಾವಾರ. ಬಿಳಿ ಕೋಳಿ."

"ಹೌದು, ಬಿಳಿದು," ಎಂದು ಮತ್ತೆ ಬಿಲ್ಲು ಎತ್ತಿಕೊಂಡರು.

ಅಂದಿನಿಂದ ಶುಕ್ರವಾರ ಸಂಜೆ ನಾನು ಬರುವುದನ್ನು ಕಾಯುತ್ತಿದ್ದರು. ಬಾಗಿಲ ಪಕ್ಕದಲ್ಲಿ ಎತ್ತರದವನೊಬ್ಬ ಕೂತಿರುತ್ತಾನಲ್ಲ, ಅವನ ಕಾಲಿನ ಪಟ್ಟಿ ಹಾಗೇ ಇದೆಯೇ? ನಡುವಿನ ಸಾಲಿನಲ್ಲಿ ಅವಳಿ ಜವಳಿ ಹುಡುಗಿಯರು, ಒಬ್ಬಳ ಜಡೆ ಇನ್ನೊಬ್ಬಳ ಕೈಯಲ್ಲಿ? ನಾನು ನೋಡಿ ಬಂದು ಹೇಳುತ್ತಿದ್ದೆ. ಒಂದು ಊರಿನ ಸುದ್ದಿಯನ್ನು ಆ ಊರು ಬಿಟ್ಟವನಿಗೆ ಹೇಳಿದ ಹಾಗೆ ಇರುತ್ತಿತ್ತು. ವಿರೂಪಾಕ್ಷನಿಗೆ ಇದು ಸೇರುತ್ತಿರಲಿಲ್ಲ. ಅಪ್ಪನ ಗಾಯ ಕೆರೆಯಬೇಡ ಎಂದು ಒಳಗೆ ಕರೆದು ಗದರಿಸಿದ. ಅವನು ಚಿಕ್ಕವನಿದ್ದಾಗ ಶಾಲೆಯಲ್ಲಿ ಯಾರೋ ನಿಮ್ಮಪ್ಪ ಬಾಗಿಲು ಕಾದವನು ಎಂದಿದ್ದರಂತೆ. ಮನೆಗೆ ಬಂದು ಕೇಳಿದಾಗ ಅಪ್ಪ ಉತ್ತರ ಕೊಡದೆ ಹೊಳೆಯ ಕಡೆ ಎದ್ದು ಹೋದರಂತೆ. ಆಮೇಲೆ ಅವನು ಕೇಳಿರಲಿಲ್ಲ.

ಕುಸುಬವ್ವ ತನ್ನ ಕಥೆಯನ್ನು ನನಗೆ ಹೇಳಿದ್ದು ಒಂದು ಇಂಟರ್‌ವಲ್ಲಿನಲ್ಲಿ. ಆಕೆ ಪಕ್ಕದ ಬಾಗಿಲಿಗೆ ಹತ್ತಿರದ ಕೊನೆಯ ಖುರ್ಚಿಯನ್ನು ಯಾವಾಗಲೂ ಖಾಲಿ ಬಿಟ್ಟು, ಅದರ ಮೇಲೆ ತನ್ನ ಚೀಲ ಇಟ್ಟು, ಅದರ ಪಕ್ಕದ್ದರಲ್ಲಿ ಕೂರುತ್ತಿದ್ದಳು. ಆಕೆಯ ಎದುರಿಗೆ ಕಾಣುವುದು ಒಬ್ಬ ತಾಯಿ. ಮಡಿಲಲ್ಲಿ ಕೂಸು, ಪಕ್ಕದ ಖುರ್ಚಿಯ ಮೇಲೆ ಕೆಂಪು ಶಾಲು ಹೊದಿಸಿದ ಗಂಟು.

"ಅಕಿ ನಮ್ಮವ್ವ, ಪತಂಗವ್ವ," ಎಂದಳು. "ಆ ಕೂಸು ನನ್ನ ತಮ್ಮ. ಶಾಲು ನಂದು. ನಾ ಆ ಖುರ್ಚಿಮ್ಯಾಲ ಕುಂತಿದ್ನಿ."

ಆಕೆ ಪಕ್ಕದ ಬಾಗಿಲಿನ ಕಡೆ ಬೆರಳು ಮಾಡಿದಳು.

"ಬಾಗಲಾ ತಗದ್ರು. ಯಾರು ಅಂತ ನೆನಪಿಲ್ಲ, ಒಂದು ಬ್ಯಾಟರಿ ಬೆಳಕು, ಒಂದು ಕೈ. ಅವ್ವ ನನ್ನ ಹೊರಗ ದೂಡಿದ್ಲು. ಹಿಂದ ಬಾಗಲಾ ಮುಚ್ಚಿತು. ನಾ ಹೊಳಿ ದಂಡಿ ಹಿಡದು ಹೋದೆ. ಯಾರೋ ಪುಣ್ಯಾತ್ಮರು ಸಾಕಿದ್ರು." ಖಾಲಿ ಖುರ್ಚಿಯ ಮೇಲಿನ ಚೀಲ ಸರಿಪಡಿಸಿ, "ತಮ್ಮನ್ನ ಎತ್ಕೊಂಡು ಅಕಿನೂ ಬರಬಹುದಿತ್ತಲ್ಲ," ಎಂದಳು. "ಬಾಗಲಾ ತಗದ ಇತ್ತು. ಯಾಕ ಬರಲಿಲ್ಲ? ನನ್ನ ಒಬ್ಬಾಕಿನ್ನ ಯಾಕ ಕಳಿಸಿದ್ಲು? ಇಷ್ಟು ವರ್ಷ ಎದುರಿಗಿ ಕುಂತು ಅದನ್ನ ಕೇಳಾಕತ್ತೀನಿ. ಅಕಿ ಸುಮ್ನ ನೋಡತಾಳ."

ಬಣ್ಣದೋಣಿಯವರಲ್ಲಿ ಬದುಕಿ ಉಳಿದವರು ಇದ್ದಾರೆಂದು ಊರಿಗೇ ಗೊತ್ತಿರಲಿಲ್ಲ. ಎಲ್ಲಿಂದಲೋ ಬಂದು ನೂಲಿಗೆ ಬಣ್ಣ ಹಾಕುವ ಒಂಟಿ ಹೆಂಗಸು ಎಂದಷ್ಟೇ ಆಕೆಯನ್ನು ಬಲ್ಲರು. ಯಾರಿಗೂ ಹೇಳಬೇಡ ಎಂದು ಆಕೆ ಹೇಳಲಿಲ್ಲ. ಆದರೂ ನಾನು ಕೆಲವು ವಾರ ಹೇಳದೆ ಇದ್ದೆ. ಕೊನೆಗೆ ಮಾವನಿಗೆ ಹೇಳಿದೆ, ಯಾಕೆಂದರೆ ಅವರೇ ಕೇಳಿದರು: ಬಾಗಿಲ ಹತ್ತಿರದ ಸಾಲಿನಲ್ಲಿ ಕೆಂಪು ಶಾಲಿನ ಹುಡುಗಿಯೊಂದು ಕಾಣುತ್ತದೆಯೇ ಎಂದು.

"ಹುಡುಗಿ ಇಲ್ರಿ. ಶಾಲು ಅಷ್ಟ ಐತಿ. ಹುಡುಗಿ ಹೊರಗದಾಳ. ನನ್ನ ಬಾಜೂಕ ಕುಂತು ಸಿನೆಮಾ ನೋಡತಾಳ."

ಮಾವ ಬಿಲ್ಲನ್ನು ಕೆಳಗಿಟ್ಟರು. ಹಿಂಜಿದ ಹತ್ತಿಯ ಗುಡ್ಡೆಯೊಳಗೆ ಎರಡೂ ಕೈ ಹುದುಗಿಸಿ ಬಹಳ ಹೊತ್ತು ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ.

"ನನಗ ಎರಡು ನೆನಪು ಅದಾವ ಇಂದುಮತಿ," ಎಂದರು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಒಂದರಾಗ ನಾ ಬಾಗಲಾ ತಗದೀನಿ. ಇನ್ನೊಂದರಾಗ ಹಾಕೀನಿ. ಯಾವುದು ಖರೆ, ಯಾವುದು ನಾ ಕಟ್ಟಿದ್ದು, ನನಗ ತಿಳೀವಲ್ದು. ಅದಕ್ಕs ನಾ ಅಲ್ಲಿಗೆ ಹೋಗಿಲ್ಲ. ಹೋದ್ರ ಒಂದು ಹೋಗಿ ಒಂದು ಉಳಿತೈತಿ."

ಆ ಚಿತ್ರ ಬಂದದ್ದು ಅದೇ ಚಳಿಗಾಲದಲ್ಲಿ. ದೂರದ ಯಾವುದೋ ಹಿಮದ ದೇಶದಲ್ಲಿ ಒಂದು ಜನವನ್ನೇ ಅಳಿಸಿಹಾಕಿದ ಕಥೆಯಂತೆ. ಟಾಕೀಸಿನ ಮ್ಯಾನೇಜರು ದೇವಣ್ಣ ಗೋಡೆಗೋಡೆಗೂ ಪೋಸ್ಟರು ಹಚ್ಚಿಸಿದ. ಬಿಳಿ ಬಯಲಿನಲ್ಲಿ ಪಾತ್ರೆಪಗಡೆ ಹೊತ್ತು ನಡೆಯುತ್ತಿರುವ ಜನ, ಕೆಳಗೆ 'ಒಂದು ನರಮೇಧದ ಕಥೆ' ಎಂಬ ಅಕ್ಷರ. ಆ ಪದವನ್ನು ಜನ ಪೋಸ್ಟರಿನ ಮುಂದೆ ನಿಂತು ತುಟಿಯಲ್ಲೇ ಓದಿಕೊಂಡರು. ಆಡಿ ನೋಡುವಂತೆ, ರುಚಿ ನೋಡುವಂತೆ.

ಊರಿನ ಹಿರಿಯರು ಕೆಲವರು ದೇವಣ್ಣನ ಬಳಿಗೆ ಹೋದರು. ಚಹಾದಂಗಡಿಯ ಮುಂದೆ ಮಾತು ನಡೆದಾಗ ನಾನೂ ಸಕ್ಕರೆ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ.

"ಇಡೀ ಪಿಚ್ಚರು ಬರೇ ಹಿಮ ಅಂತಲ್ಲೋ," ಎಂದ ಒಬ್ಬ. "ಮೊದಲಿಂದ ಕಡೀತನ ಬೆಳ್ಳಗ. ಅವ್ರು ಎಲ್ಲಾ ಹೊತ್ತೂ ಕಾಣತಾರ. ಏನೇನ ಕಾಣತೈತೋ."

"ಕಾಣಲಿ," ಎಂದ ದೇವಣ್ಣ.

"ಮಂದಿ ದೇಶದ ದುಃಖ ನಮಗ್ಯಾಕ?"

"ನಮ್ಮೂರಿಂದು ನಾವು ಹಾಡಿನ ನಡುವ ಅಷ್ಟಷ್ಟ ನೋಡೀವಿ," ಎಂದ ದೇವಣ್ಣ ಚಹಾದ ಬಸಿ ಕೆಳಗಿಟ್ಟು. "ಒಮ್ಮೆ ಪೂರ್ತಿ ನೋಡೂಣು."

ಶುಕ್ರವಾರ ಮಾವ ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ಹುಬ್ಬಿನ ಮೇಲಿನ ಹತ್ತಿ ಒರೆಸಿಕೊಂಡು ಹೊರಗೆ ಬಂದಾಗ ವಿರೂಪಾಕ್ಷ ಹೊಸ್ತಿಲಲ್ಲಿ ಅಡ್ಡ ನಿಂತ.

"ಅಪ್ಪಾ, ಊರೆಲ್ಲಾ ಇರ್ತೈತಿ ಅಲ್ಲಿ. ನಿನ್ನ ನೋಡತಾರ."

"ಅದಕ್ಕs ಹೊಂಟೀನಿ."

"ನಾಳೆ ನಾ ತಲಿ ಎತ್ತಿ ಹೆಂಗ ಅಡ್ಡ್ಯಾಡ್ಲಿ?"

ಮಾವ ಮಗನ ಭುಜದ ಮೇಲೆ ಕೈ ಇಟ್ಟು ಮೆಲ್ಲಗೆ ಅವನನ್ನು ಬದಿಗೆ ಸರಿಸಿದರು. "ನೀ ಕೇಳಿದ್ದಿ, ನಾ ಹೇಳಲಿಲ್ಲ. ನನಗೂ ಗೊತ್ತಿಲ್ಲೋ ತಮ್ಮಾ," ಎಂದರು.

ಟಾಕೀಸು ತುಂಬಿಹೋಗಿತ್ತು. ಎಂದೂ ಬರದ ಮನೆಗಳವರೂ ಬಂದಿದ್ದರು, ಖುರ್ಚಿ ಸಾಲದೆ ಗೋಡೆಗುಂಟ ನಿಂತಿದ್ದರು. ಕುಸುಬವ್ವನ ಪಕ್ಕದ ಖುರ್ಚಿಯ ಮೇಲೆ ಎಂದಿನಂತೆ ಚೀಲ. ಮಾವ ಪಕ್ಕದ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಕೂರಿ ಎಂದರೂ ಕೂರಲಿಲ್ಲ. ಗೇಟ್‌ಕೀಪರು ನಿಲ್ಲುವ ಜಾಗ ಅದು.

ಚಿತ್ರ ಶುರುವಾಯಿತು. ಹಿಮ ಬೀಳುತ್ತಿತ್ತು. ಆ ದೇಶದ ಜನ ಮನೆ ಬಿಟ್ಟು ಹೊರಟಿದ್ದರು, ಒಬ್ಬಳು ಹಿಟ್ಟಿನ ಚೀಲ ಹೊತ್ತಿದ್ದಳು, ಒಬ್ಬ ಕಿಟಕಿಯ ಚೌಕಟ್ಟನ್ನೇ ಕಿತ್ತು ಹೊತ್ತಿದ್ದ. ಅವರ ಭಾಷೆ ನಮಗೆ ತಿಳಿಯುತ್ತಿರಲಿಲ್ಲ. ಆ ಹಿಮದ ಹಿಂದೆ ನಮ್ಮವರು ಮೂಡಿದರು, ಈ ಸಲ ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೊಂದು ಗಮನಿಸಿದೆ. ಯಾವಾಗಲೂ ನಮ್ಮ ಕಡೆಗೇ ದಿಟ್ಟಿಸುತ್ತಿದ್ದವರು ಈಗ ನಮ್ಮನ್ನು ನೋಡುತ್ತಿರಲಿಲ್ಲ. ಅವರೂ ಸಿನೆಮಾ ನೋಡುತ್ತಿದ್ದರು. ಹಿಮದಲ್ಲಿ ನಡೆಯುವವರು ಅವರಿಗೂ ನಮಗೂ ನಡುವೆ ನಡೆಯುತ್ತಿದ್ದರು. ಅವಳಿ ಹುಡುಗಿಯರು ಮುಂದಕ್ಕೆ ಬಾಗಿದರು. ಆ ದೇಶದ ಸೈನಿಕರು ಒಂದು ಮನೆಯ ಬಾಗಿಲು ಒದ್ದಾಗ ಕಾಲಿಗೆ ಪಟ್ಟಿ ಕಟ್ಟಿದ ಎತ್ತರದವನು ಕೈಯಿಂದ ಮುಖ ಮುಚ್ಚಿಕೊಂಡ. ತಾವೇ ಸಾಯಲು ಕೂತವರು, ಗುರುತು ಪರಿಚಯವಿಲ್ಲದ ಊರಿನ ಸಾವಿಗೆ ಅಳುತ್ತಿದ್ದರು. ಅದನ್ನು ನೋಡಿ ನಮ್ಮ ಸಾಲುಗಳಲ್ಲಿಯೂ ಯಾರೋ ಬಿಕ್ಕಿದರು. ಅಷ್ಟು ವರ್ಷ ಬಾಚಿಕೊಂಡು, ಕಾಲರು ಸರಿಮಾಡಿಕೊಂಡು ಬಂದಿದ್ದ ಜನ ನಾವು, ಅವರ ಎದುರಿಗೆ ಅತ್ತದ್ದು ಅದೇ ಮೊದಲು.

ಆಮೇಲೆ ಹಿಮ ದಟ್ಟವಾಯಿತು. ಪರದೆಯ ಮೇಲೆ ಆ ವಾರದ ನಮ್ಮ ಟಾಕೀಸು ಮಾತ್ರ ಉಳಿಯಿತು. ಪತಂಗವ್ವನ ಪಕ್ಕದ ಖುರ್ಚಿಯಲ್ಲಿ ಈಗ ಗಂಟಿರಲಿಲ್ಲ, ಕೆಂಪು ಶಾಲು ಹೊದ್ದ ಹುಡುಗಿ ಕೂತಿದ್ದಳು.

ತೆಳ್ಳಗಿನ ಯುವಕನೊಬ್ಬ ನೀರಿನ ಕೊಡ ಹಿಡಿದು ಸಾಲುಗಳ ನಡುವೆ ಬಂದ. ಆ ಕಿವಿ, ಆ ಹಣೆ ನನ್ನ ಗಂಡನವು. ಅವನು ಒಬ್ಬೊಬ್ಬರ ಬೊಗಸೆಗೂ ನೀರು ಹನಿಸುತ್ತ ಬಂದ. ಹಳದಪ್ಪ ಮೊದಲು ಕೋಳಿಗೆ ಕುಡಿಸಿದ. ಪತಂಗವ್ವನ ಹತ್ತಿರ ಬಂದಾಗ ಯುವಕ ಬಗ್ಗಿ ಏನೋ ಹೇಳಿದ. ಕೊಡ ಕೆಳಗಿಟ್ಟು ಪಕ್ಕದ ಬಾಗಿಲಿನ ಅಗಳಿ ತೆಗೆದು, ಕಾಲಿನಿಂದ ಅದನ್ನು ತಡೆಹಿಡಿದ. ಬ್ಯಾಟರಿಯ ಬೆಳಕು ಹೊರಗಿನ ಮೆಟ್ಟಿಲ ಮೇಲೆ ಬಿತ್ತು. ತಾಯಿ ಮಗಳ ಮೈಮೇಲಿನ ಶಾಲು ತೆಗೆದಳು, ಅದರ ಕೆಂಪು ದೂರಕ್ಕೂ ಕಾಣುತ್ತದೆಂದು ಇರಬೇಕು. ಮಗಳನ್ನು ಹೊರಗೆ ಬಿಟ್ಟಳು. ಕೂಸನ್ನು ಎದೆಗವಚಿಕೊಂಡು ತಾನೂ ಎದ್ದಳು. ಬಾಗಿಲ ತನಕ ಬಂದಳು. ಅವಳ ಒಂದು ಕಾಲು ಹೊಸ್ತಿಲ ಹೊರಗಿತ್ತು.

ಅಷ್ಟರಲ್ಲಿ ಮುಂಬಾಗಿಲ ಕಡೆ ಯಾರೋ ಕೂಗಿರಬೇಕು. ಪರದೆಯಿಂದ ಆ ಜನರ ದನಿ ಎಂದೂ ಬರುವುದಿಲ್ಲ. ಯುವಕ ಅತ್ತ ತಿರುಗಿದ. ಮತ್ತೆ ಅವಳ ಕಡೆ ತಿರುಗಿದಾಗ ಅವನ ಮುಖ ಬೇರೆಯಾಗಿತ್ತು. ಅವಳ ಭುಜಕ್ಕೆ ಅಂಗೈ ಹಚ್ಚಿ ಒಳಗೆ ನೂಕಿದ. ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

ಪತಂಗವ್ವ ಕೂಗಲಿಲ್ಲ. ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ತಂದು ಏನೋ ಅಂದಳು. ಹಿಂದಿರುಗಿ ತನ್ನ ಜಾಗದಲ್ಲಿ ಕೂತಳು. ಆಮೇಲೆ ತನ್ನ ಗಂಟನ್ನು ಎತ್ತಿ ಮಗಳ ಖುರ್ಚಿಯ ಮೇಲೆ ನಿಲ್ಲಿಸಿ, ಅದಕ್ಕೆ ಕೆಂಪು ಶಾಲು ಹೊದಿಸಿದಳು. ಮೇಲಿನ ಅಂಚನ್ನು ತಲೆಯಂತೆ ದುಂಡಗೆ ಮಾಡಿದಳು. ಬಂದವರು ಬ್ಯಾಟರಿ ಹಾಕಿ ಸಾಲುಸಾಲೂ ನೋಡಿದಾಗ, ನಿದ್ದೆ ಹೋದ ಮಗುವನ್ನು ತಟ್ಟುವಂತೆ ಗಂಟನ್ನು ತಟ್ಟುತ್ತಿದ್ದಳು. ಅವರು ದಾಟಿ ಹೋದರು.

ಚಿತ್ರ ಯಾವಾಗ ಮುಗಿಯಿತೋ. ದೀಪ ಹತ್ತಿದರೂ ಯಾರೂ ಏಳಲಿಲ್ಲ. ಗೋಡೆಗುಂಟ ನಿಂತವರಲ್ಲಿ ಒಬ್ಬ ಮುದುಕ, ನಮ್ಮ ಹಾಗೇ ಎಂದೂ ಬರದ ಮನೆಯವನು, "ನರಮೇಧ," ಎಂದ. ಯಾರಿಗೂ ಹೇಳಿದ್ದಲ್ಲ. ಆ ವಾರಕ್ಕೆ ಕೊನೆಗೂ ಹೆಸರು ಹುಡುಕಿಕೊಂಡವನ ಹಾಗೆ ಹೇಳಿದ. ಒಬ್ಬೊಬ್ಬರೇ ಮಾವನನ್ನು ನೋಡಿ, ಕಣ್ಣು ಕೆಳಗೆ ಮಾಡಿ ಹೊರಗೆ ಹೋದರು. ಕುಸುಬವ್ವ ಬರಿದಾದ ಪರದೆಯನ್ನೇ ನೋಡುತ್ತ ಕೂತಿದ್ದಳು. ಮಾವ ಬಾಗಿಲ ಬಳಿಯಿಂದ ಬಂದು ಆಕೆಯ ಮುಂದೆ ನಿಂತರು.

"ಬಾಗಲಾ ಹಾಕಿದಾಂವ ನಾನs ತಂಗಿ."

"ನೋಡಿದೆ."

"ತಗದಾಂವನೂ ನಾನs. ಆದ್ರ ಅದನ್ನ ಹೇಳೂ ಮಾರಿ ಇಲ್ಲ ನನಗ."

ಆಕೆ ಪಕ್ಕದ ಖುರ್ಚಿಯ ಮೇಲಿದ್ದ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮಾವ ಅಲ್ಲಿ ಕೂತರು.

"ಮಾಫಿ ಕೇಳಬ್ಯಾಡ್ರಿ," ಎಂದಳು. "ಅದು ನಂದಲ್ಲ ಕೊಡಾಕ. ಅಕೀದು, ನನ್ನ ತಮ್ಮಂದು." ಆಕೆ ಪರದೆಯ ಕಡೆ ಕೈ ತೋರಿಸಿದಳು. "ಅವ್ವ ಬಂದಿದ್ಲು. ಬಾಗಲತನಾ ಬಂದಿದ್ಲು. ನಾ ಈ ವಯಸ್ಸಿನತನಾ ಅಕೀಮ್ಯಾಲ ಸಿಟ್ಟು ಮಾಡ್ಕೊಂಡು ಕುಂತೆ."

ಹೊರಗೆ ಮುಂದಿನ ಆಟದ ಜನ ಸೇರಿದ ಗದ್ದಲ ಕೇಳುತ್ತಿತ್ತು. ಮುಂಬಾಗಿಲಲ್ಲಿ ಯಾರೋ ಅವರನ್ನು ತಡೆದು ನಿಲ್ಲಿಸಿದ್ದರು. "ಒಂದಿಷ್ಟು ತಡೀರಿ. ಒಳಗ ನಮ್ಮಪ್ಪ ಅದಾನ," ಎನ್ನುವ ದನಿ ವಿರೂಪಾಕ್ಷನದು. ಅವನು ಯಾವಾಗ ಬಂದನೋ, ಎಷ್ಟು ನೋಡಿದನೋ ನನಗೆ ಗೊತ್ತಿಲ್ಲ.

"ಬಾಗಲಾ ಹಾಕಿದಮ್ಯಾಲ ಅಕಿ ಏನೋ ಅಂದ್ಲು," ಎಂದಳು ಕುಸುಬವ್ವ. "ಪರದೆದಾಗ ದನಿ ಬರೂದಿಲ್ಲ. ನೀವು ಅಲ್ಲೇ ನಿಂತಿದ್ರಿ. ಏನಂದ್ಲು?"

"ಓಡಬ್ಯಾಡ. ನಡಕೊಂತ ಹೋಗು," ಎಂದರು ಮಾವ. "ಅಷ್ಟ ಅಂದ್ಲು. ಓಡಿದ್ರ ಯಾರರ ನೋಡತಾರ ಅಂತ ಇರಬೇಕು."

ಕುಸುಬವ್ವ ಅವರ ಕಡೆ ಪೂರ್ತಿ ತಿರುಗಿದಳು. "ಅಕಿ ಹೆಂಗ ಅಂದ್ಲು ಹಂಗ ಹೇಳ್ರಿ."

ಮಾವ ಮತ್ತೆ ಹೇಳಿದರು. ಒಣಗಿದ, ಒಡಕು ಗಂಡುದನಿ.

"ಹಂಗಲ್ಲ. ಅಕಿ ಅಂದಂಗ."

ಮಾವ ಕಣ್ಣು ಮುಚ್ಚಿದರು. ಮತ್ತೊಮ್ಮೆ ತೊಡಗಿದರು. ಈ ಸಲ ದನಿ ತಗ್ಗಿತ್ತು, ಮೆತ್ತಗಾಗಿತ್ತು. 'ನಡಕೊಂತ' ಎಂಬಲ್ಲಿ, ಕೂಸನ್ನು ಎತ್ತಿಕೊಂಡ ಹೆಂಗಸಿಗೆ ಉಸಿರು ತುಂಡಾಗುವಂತೆ, ಒಂದಿಷ್ಟು ನಿಂತು ಮುಂದುವರಿಯಿತು. ಆ ಮುದುಕನ ಬಾಯಿಂದ ಬಂದದ್ದು ಬಣ್ಣದೋಣಿಯ ಒಬ್ಬ ತಾಯಿಯ ರಾಗ. ನಾನು ಆ ರಾಗವನ್ನು ಈ ಊರಿನಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ.

ಕುಸುಬವ್ವ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದಳು.

"ಹಾಂ," ಎಂದಳು. "ಹಂಗs."